ರೇಷ್ಮೆಯ ಎಳೆಯಲ್ಲಿ ನೇಯ್ದ ರಾಷ್ಟ್ರ

1872ನೆಯ ಇಸವಿ. ಜಪಾನು ದೇಶದ ತೊಮಿಯೋಕ ಎಂಬ ಸಣ್ಣ ಊರಿನಲ್ಲಿ ಕೆಂಪು ಇಟ್ಟಿಗೆಯ ಭಾರಿ ಕಟ್ಟಡವೊಂದು ಎದ್ದು ನಿಂತಿತ್ತು. ಅಂತಹ ಕಟ್ಟಡವನ್ನು ಆ ಸೀಮೆಯ ಜನ ಹಿಂದೆಂದೂ ಕಂಡಿರಲಿಲ್ಲ. ಹೆಂಚು ಸುಡುವುದನ್ನಷ್ಟೇ ಬಲ್ಲ ಕೆಲಸಗಾರರಿಗೆ ಇಟ್ಟಿಗೆ ಸುಡುವುದನ್ನು ಹೊಸದಾಗಿ ಕಲಿಸಿ ಅದನ್ನು ಕಟ್ಟಿಸಿದ್ದರು. ಒಳಗೆ ರೇಷ್ಮೆ ಗೂಡುಗಳಿಂದ ನೂಲು ಬಿಚ್ಚುವುದಕ್ಕಾಗಿ ಮುನ್ನೂರು ಬೋಗುಣಿಗಳು ಸಾಲಾಗಿ ಕುಳಿತಿದ್ದವು. ಫ್ರಾನ್ಸಿನಿಂದ ಯಂತ್ರಗಳು ಬಂದಿದ್ದವು. ಪಾಲ್ ಬ್ರುನಾ ಎಂಬ ಫ್ರೆಂಚ್ ತಜ್ಞನೂ ಬಂದಿದ್ದ. ಸರ್ಕಾರವೇ ಹಣ ಸುರಿದು ನಿಲ್ಲಿಸಿದ ಆ ಕಾರ್ಖಾನೆಗೆ ಒಂದೇ ಒಂದು ಕೊರತೆ. ಕೆಲಸಕ್ಕೆ ಹುಡುಗಿಯರು ಬರಲೊಲ್ಲರು!

ಕಾರಣವೇನು ಗೊತ್ತೇ? ಆ ಪರದೇಶಿಯರು ಊಟದ ಹೊತ್ತಿಗೆ ಕೆಂಪಗಿನ ಏನನ್ನೋ ಕುಡಿಯುತ್ತಾರೆ, ಅದು ಎಳೆಯ ಹುಡುಗಿಯರ ರಕ್ತವಂತೆ, ಎಂಬ ಸುದ್ದಿ ಊರೂರಿಗೂ ಹಬ್ಬಿತ್ತು. ಪಾಪ, ಅವರು ಕುಡಿಯುತ್ತಿದ್ದುದು ದ್ರಾಕ್ಷಾರಸದ ಮದ್ಯ. ಆದರೆ ಹೆತ್ತವರ ಭಯಕ್ಕೆ ಸಮಾಧಾನ ಹೇಳುವವರು ಯಾರು? ಕೊನೆಗೆ ಕಾರ್ಖಾನೆಯ ಮೊದಲ ಮೇಲ್ವಿಚಾರಕನಾದ ಒಡಾಕ ಅತ್ಸುತಾದ ಎಂಬಾತ ತನ್ನ ಸ್ವಂತ ಮಗಳು ಯೂ ಎಂಬವಳನ್ನೇ ಮೊದಲ ಕೆಲಸಗಾರ್ತಿಯಾಗಿ ಕರೆತಂದ. ಆಕೆಯಿನ್ನೂ ಎಳೆಯ ಹುಡುಗಿ. ಅವಳ ಹಿಂದೆ ಒಬ್ಬೊಬ್ಬರಾಗಿ ಬೇರೆ ಮನೆಗಳ ಹೆಣ್ಣುಮಕ್ಕಳೂ ಬಂದರು. ಕತ್ತಿ ಹಿಡಿದು ಬಾಳಿದ ಸಾಮುರಾಯ್ ಮನೆತನಗಳ ಹುಡುಗಿಯರು ಕೂಡ ಬಂದು ಬಿಸಿನೀರಿನಲ್ಲಿ ಬೆರಳದ್ದಿ ಗೂಡಿನ ಎಳೆ ಹುಡುಕತೊಡಗಿದರು.

ರಕ್ತದ ಸುದ್ದಿ ಸುಳ್ಳಾಯಿತು. ಆದರೂ ಅದರ ಒಳಗೆ ಒಂದು ಸತ್ಯ ಅಡಗಿತ್ತೆಂಬುದು ಮುಂದಿನ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಓದಿದವರಿಗೆ ಅನ್ನಿಸದಿರದು. ಒಂದು ರಾಷ್ಟ್ರವನ್ನು ಕಟ್ಟುವುದು ಮಾತಿನಿಂದ ಆಗುವ ಕೆಲಸವಲ್ಲ. ಅದಕ್ಕೆ ಹಣ ಬೇಕು, ದುಡಿಮೆ ಬೇಕು, ಒಮ್ಮೊಮ್ಮೆ ಪ್ರಾಣವೇ ಬೇಕು. ಅವುಗಳನ್ನು ಯಾರು ಕೊಟ್ಟರು? ಕೊಟ್ಟವರಿಗೆ ಲೆಕ್ಕ ಕೇಳುವ ಅಧಿಕಾರ ಇತ್ತೇ? ಜಪಾನಿನ ಏಳುಬೀಳುಗಳ ಗುಟ್ಟೆಲ್ಲ ಈ ಎರಡು ಪ್ರಶ್ನೆಗಳಲ್ಲಿದೆ.

ಕರಿಯ ಹಡಗುಗಳು

1603ರಿಂದ ಜಪಾನನ್ನು ಆಳುತ್ತಿದ್ದವರು ತೊಕುಗಾವ ಮನೆತನದ ಷೋಗನ್‌ಗಳು. ಚಕ್ರವರ್ತಿ ಇದ್ದನಾದರೂ ಕ್ಯೋಟೋ ನಗರದ ಅರಮನೆಯಲ್ಲಿ ಪೂಜ್ಯನಾಗಿದ್ದನೇ ಹೊರತು ಅಧಿಕಾರಸ್ಥನಾಗಿರಲಿಲ್ಲ. ನಾಡು ಸುಮಾರು 260 ಪಾಳೆಯಪಟ್ಟುಗಳಾಗಿ ಹಂಚಿಹೋಗಿತ್ತು. ಒಂದೊಂದಕ್ಕೂ ಒಬ್ಬೊಬ್ಬ ಒಡೆಯ, ಅವನ ಕೋಟೆ, ಅವನ ಸೈನಿಕರು, ಅವನ ಕಂದಾಯ. ಜಪಾನೀ ಭಾಷೆಯಲ್ಲಿ ದೇಶಕ್ಕೆ ‘ಕುನಿ’ ಎನ್ನುತ್ತಾರೆ. ಆಗಿನ ರೈತನನ್ನು ನಿನ್ನ ಕುನಿ ಯಾವುದೆಂದು ಕೇಳಿದ್ದರೆ ಅವನು ತನ್ನ ಸೀಮೆಯ ಹೆಸರನ್ನು ಹೇಳುತ್ತಿದ್ದನೇ ಹೊರತು ಜಪಾನ್ ಎನ್ನುತ್ತಿರಲಿಲ್ಲ. ಪರದೇಶಗಳೊಡನೆ ವ್ಯವಹಾರ ಬಲು ಕಡಮೆ. ಪಾಶ್ಚಾತ್ಯರಲ್ಲಿ ಡಚ್ಚರಿಗೆ ಮಾತ್ರ ನಾಗಸಾಕಿಯ ಬಳಿ ಒಂದು ಪುಟ್ಟ ದ್ವೀಪದಲ್ಲಿ ವ್ಯಾಪಾರ ಮಾಡುವ ಅನುಮತಿ ಇತ್ತು.

ಹೀಗಿರಲು 1853ರ ಜುಲೈ ತಿಂಗಳಿನಲ್ಲಿ ಅಮೆರಿಕದ ನೌಕಾಧಿಪತಿ ಮ್ಯಾಥ್ಯೂ ಪೆರಿ ನಾಲ್ಕು ಯುದ್ಧನೌಕೆಗಳೊಡನೆ ಎಡೋ ಕೊಲ್ಲಿಯ ಬಾಯಿಗೆ ಬಂದು ನಿಂತ. ಅವುಗಳಲ್ಲಿ ಎರಡು ಹೊಗೆಯುಗುಳುತ್ತಾ ಗಾಳಿಯ ಹಂಗಿಲ್ಲದೆ ಚಲಿಸುವ ಹಡಗುಗಳು. ದಡದ ಜನ ಅವುಗಳನ್ನು ‘ಕರಿಯ ಹಡಗುಗಳು’ ಎಂದು ಕರೆದರು. ಬಂದವನು ಬಾಗಿಲು ತೆರೆಯಿರಿ ಎಂದ. ತೆರೆಯದೆ ವಿಧಿಯಿರಲಿಲ್ಲ. 1854ರಲ್ಲಿ ಮೊದಲ ಒಪ್ಪಂದ, 1858ರಲ್ಲಿ ವ್ಯಾಪಾರದ ಒಪ್ಪಂದಗಳು. ಇವುಗಳ ಪ್ರಕಾರ ಜಪಾನಿನಲ್ಲಿ ಅಪರಾಧ ಮಾಡಿದ ಪಾಶ್ಚಾತ್ಯನ ವಿಚಾರಣೆಯನ್ನು ಅವನ ದೇಶದ ಅಧಿಕಾರಿಯೇ ನಡೆಸತಕ್ಕದ್ದು. ಆಮದಿನ ಮೇಲೆ ಸುಂಕವೆಷ್ಟು ಹಾಕಬೇಕೆಂಬುದನ್ನು ಕೂಡ ಜಪಾನು ಸ್ವತಂತ್ರವಾಗಿ ತೀರ್ಮಾನಿಸುವಂತಿಲ್ಲ. 1866ರ ಹೊತ್ತಿಗೆ ಆ ಸುಂಕ ಬಹುಮಟ್ಟಿಗೆ ನೂರಕ್ಕೆ ಐದಕ್ಕೆ ಇಳಿದಿತ್ತು.

ಚೀನಕ್ಕೆ ಅಫೀಮಿನ ಯುದ್ಧದಲ್ಲಿ ಆದ ಗತಿ, ಇಂಡಿಯಾದಲ್ಲಿ ಕಂಪನಿಯ ಆಳ್ವಿಕೆ, ಇವೆಲ್ಲದರ ಸುದ್ದಿ ಅಲ್ಲಿಯ ವಿಚಾರವಂತರಿಗೆ ತಿಳಿದಿತ್ತು. ನಾಳೆ ತಮ್ಮ ಸರದಿಯೇ? 260 ಸೀಮೆಗಳಾಗಿ ಉಳಿದರೆ ಒಂದೊಂದಾಗಿ ನುಂಗಿಹೋಗುವೆವು. ಒಂದಾದರೆ ಮಾತ್ರ ಉಳಿಗಾಲ ಎಂಬ ಭಾವನೆ ಹುಟ್ಟಿದುದು ಈ ಅಂಜಿಕೆಯಿಂದ. ಅವಮಾನವನ್ನು ಒಟ್ಟಿಗೆ ಉಂಡ ಜನ ಒಂದು ಜನಾಂಗವಾಗುವುದನ್ನು ಚರಿತ್ರೆ ಇತರ ದೇಶಗಳಲ್ಲಿಯೂ ತೋರಿಸಿದೆ.

ಅಧಿಕಮಾಸದ ಲೆಕ್ಕಾಚಾರ

1868ರಲ್ಲಿ ಷೋಗನನ ಆಳ್ವಿಕೆ ಉರುಳಿತು. ಹದಿನೈದು ವರ್ಷದ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ನಿಂತಿತು. ಆ ಯುಗಕ್ಕೆ ‘ಮೇಜಿ’ ಎಂದು ಹೆಸರು. ಎಡೋ ಪಟ್ಟಣ ಟೋಕಿಯೋ ಆಯಿತು. ಅಧಿಕಾರ ಹಿಡಿದವರು ಸತ್ಸುಮ, ಚೋಷು ಮುಂತಾದ ಕೆಲವು ಸೀಮೆಗಳಿಂದ ಬಂದ, ಇನ್ನೂ ನಡುವಯಸ್ಸು ದಾಟದ ಸಾಮುರಾಯ್‌ಗಳು.

ಅವರು ಮಾಡಿದ ಕೆಲಸಗಳ ವೇಗವನ್ನು ನೆನೆದರೆ ಬೆರಗಾಗುತ್ತದೆ. 1871ರಲ್ಲಿ ಒಡೆಯರನ್ನೆಲ್ಲ ಟೋಕಿಯೋಗೆ ಕರೆಸಿ, ಪಾಳೆಯಪಟ್ಟುಗಳು ರದ್ದಾದವೆಂದು ಓದಿ ಹೇಳಿದರು. ಅದೇ ವರ್ಷದ ಕೊನೆಯಲ್ಲಿ ಮಂತ್ರಿ ಇವಾಕುರನ ನೇತೃತ್ವದಲ್ಲಿ ಸರ್ಕಾರದ ಮುಖ್ಯಸ್ಥರಲ್ಲಿ ಅರ್ಧದಷ್ಟು ಮಂದಿ ಅಮೆರಿಕ, ಯೂರೋಪುಗಳ ಪ್ರವಾಸಕ್ಕೆ ಹೊರಟುಬಿಟ್ಟರು. ಮರಳಿದುದು 1873ರ ಸೆಪ್ಟೆಂಬರಿನಲ್ಲಿ. ಅವರೊಡನೆ ಅಮೆರಿಕದಲ್ಲಿ ಓದಲೆಂದು ಹೊರಟ ಐವರು ಹುಡುಗಿಯರಲ್ಲಿ ಅತಿ ಕಿರಿಯಳಾದ ತ್ಸುದ ಉಮೆಕೊಗೆ ಕೇವಲ ಆರು ವರ್ಷ. ಅವರು ಊರಿಲ್ಲದ ಅವಧಿಯಲ್ಲಿಯೂ ಇಲ್ಲಿ ಕೆಲಸ ನಿಲ್ಲಲಿಲ್ಲ. 1872ರಲ್ಲಿ ಟೋಕಿಯೋದಿಂದ ಯೊಕೊಹಾಮಕ್ಕೆ ರೈಲು ಓಡಿತು. ಅದಕ್ಕೆ ಹಣ ಲಂಡನ್ನಿನಲ್ಲಿ ಎತ್ತಿದ ಸಾಲ. ಅದೇ ವರ್ಷ ಶಿಕ್ಷಣದ ಆಜ್ಞೆ ಹೊರಟಿತು. 1873ರಲ್ಲಿ ಕಡ್ಡಾಯ ಸೈನ್ಯಸೇವೆಯ ಶಾಸನ, ಅದೇ ವರ್ಷ ಹೊಸ ಭೂಕಂದಾಯ.

ಪಂಚಾಂಗವನ್ನು ಕೂಡ ಬಿಡಲಿಲ್ಲ. ನಮ್ಮಂತೆಯೇ ಅವರದೂ ಚಾಂದ್ರಮಾನ. ಕೆಲವು ವರ್ಷಗಳಿಗೊಮ್ಮೆ ಅಧಿಕಮಾಸ ಬರುತ್ತಿತ್ತು. 1873ರಲ್ಲಿ ಅಂತಹ ಹದಿಮೂರು ತಿಂಗಳ ವರ್ಷ ಬರುವುದಿತ್ತು. ಅಷ್ಟರಲ್ಲಿ ಸರ್ಕಾರ, ಇನ್ನು ಮುಂದೆ ಪಾಶ್ಚಾತ್ಯರ ಸೌರಮಾನವೇ ನಮ್ಮದು, ಈ ವರ್ಷದ ಹನ್ನೆರಡನೆಯ ತಿಂಗಳ ಮೂರನೆಯ ದಿನವೇ 1873ರ ಜನವರಿ ಒಂದು ಎಂದು ಸಾರಿಬಿಟ್ಟಿತು. ನೌಕರರ ಹದಿಮೂರನೆಯ ತಿಂಗಳ ಸಂಬಳ ಬೊಕ್ಕಸದಲ್ಲಿಯೇ ಉಳಿಯಿತು! ಆಧುನಿಕತೆಯೂ ಮಿತವ್ಯಯವೂ ಒಂದೇ ಆಜ್ಞೆಯಲ್ಲಿ ಸಾಧಿಸಿದ ಜಾಣತನವಿದು. ಆದರೆ ನಗು ಬರಿಸುವ ಈ ಪ್ರಸಂಗದ ಹಿಂದೆ ಗಂಭೀರವಾದ ಸಂಗತಿಯೊಂದಿದೆ. ಸರ್ಕಾರದ ಬೊಕ್ಕಸ ಅಷ್ಟು ಬರಿದಾಗಿತ್ತು. ರೈಲು, ತಂತಿ, ಶಾಲೆ, ಸೇನೆ, ಕಾರ್ಖಾನೆ ಎಲ್ಲವೂ ಬೇಕು. ಹಣ ಮಾತ್ರ ಇಲ್ಲ. ಸುಂಕ ಏರಿಸೋಣವೆಂದರೆ ಒಪ್ಪಂದ ಅಡ್ಡ ನಿಲ್ಲುತ್ತಿತ್ತು. ಹಾಗಾದರೆ ಹಣ ಬರಬೇಕಾದುದು ಎಲ್ಲಿಂದ?

ರಕ್ತದ ಕಂದಾಯ

ಮೊದಲನೆಯ ಉತ್ತರ, ರೈತನಿಂದ. ಹಿಂದೆ ಒಡೆಯನಿಗೆ ಅಕ್ಕಿಯ ರೂಪದಲ್ಲಿ ಕಂದಾಯ ಸಲ್ಲುತ್ತಿತ್ತು. ಬೆಳೆ ಕೆಟ್ಟ ವರ್ಷ ಕಾಡಿ ಬೇಡಿ ಒಂದಿಷ್ಟು ಸೋಡಿ ಪಡೆಯಬಹುದಾಗಿತ್ತು. 1873ರ ಶಾಸನ ಪ್ರತಿಯೊಂದು ಜಮೀನಿಗೂ ಒಂದು ಬೆಲೆ ಕಟ್ಟಿ, ಆ ಬೆಲೆಯ ನೂರಕ್ಕೆ ಮೂರರಷ್ಟನ್ನು ವರ್ಷವರ್ಷವೂ ನಗದಾಗಿ ಸಲ್ಲಿಸಬೇಕೆಂದಿತು. ರೈತನ ಕೈಗೆ ಹಕ್ಕುಪತ್ರ ಬಂತು. ಜಮೀನು ಅವನದೇ ಆಯಿತು. ಆದರೆ ಮಳೆ ಬರಲಿ ಬಿಡಲಿ, ಅಕ್ಕಿಯ ಧಾರಣೆ ಏರಲಿ ಇಳಿಯಲಿ, ಕಂದಾಯ ಕದಲುವುದಿಲ್ಲ. ಕಟ್ಟಲಾಗದವನು ಅದೇ ಹಕ್ಕುಪತ್ರವನ್ನು ಸಾಹುಕಾರನ ಬಳಿ ಒತ್ತೆಯಿಡಬೇಕು. 1876ರಲ್ಲಿ ರೈತರು ಹಲವೆಡೆ ದಂಗೆಯೆದ್ದ ಮೇಲೆ, 1877ರಲ್ಲಿ ಮೂರನ್ನು ಎರಡೂವರೆಗೆ ಇಳಿಸಿದರು. ಹೊಸ ರಾಜ್ಯದ ವರಮಾನದ ಬಹುಪಾಲು ಬಂದುದು ಈ ಒಂದು ಮೂಲದಿಂದಲೇ.

ಎರಡನೆಯದು ಮಗ. ಇಪ್ಪತ್ತು ವರ್ಷ ತುಂಬಿದ ತರುಣನನ್ನು ಸೇನೆಗೆ ಕರೆದ ಸರ್ಕಾರಿ ಪ್ರಕಟಣೆಯಲ್ಲಿ ಪಾಶ್ಚಾತ್ಯರು ಇದನ್ನು ‘ರಕ್ತದ ಕಂದಾಯ’ ಎನ್ನುತ್ತಾರೆಂಬ ಮಾತು ಸೇರಿತ್ತು. ಹಳ್ಳಿಯವರು ಅದನ್ನು ಅಕ್ಷರಶಃ ನಂಬಿದರು. ಮಕ್ಕಳ ರಕ್ತ ಹಿಂಡುತ್ತಾರೆಂಬ ಭೀತಿಯಿಂದ 1873ರಲ್ಲಿ ಅನೇಕ ಕಡೆ ಗಲಭೆಗಳಾದವು. ಸಾಮುರಾಯ್‌ಗಳಿಗಾದರೋ ಬೇರೆ ಬಗೆಯ ಸಂಕಟ. ಯುದ್ಧ ಮಾಡುವುದು ತಮ್ಮ ಹುಟ್ಟುಹಕ್ಕೆಂದು ನಂಬಿದ್ದ ಅವರಿಗೆ ರೈತನ ಮಗನೂ ಸೈನಿಕನೆಂಬುದು ಸಹಿಸದಾಯಿತು. 1876ರಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸಿ, ಅವರ ವರ್ಷಾಶನವನ್ನು ಸಾಲಪತ್ರಗಳಾಗಿ ಮಾರ್ಪಡಿಸಿದರು. ಮರುವರ್ಷ ಸೈಗೋ ತಕಮೋರಿ ಎಂಬ ವೀರನ ಮುಂದಾಳುತನದಲ್ಲಿ ಸತ್ಸುಮದ ಸಾಮುರಾಯ್‌ಗಳು ಬಂಡೆದ್ದರು. ಅವರನ್ನು ಸೋಲಿಸಿದುದು ಅದೇ ರೈತ ಮಕ್ಕಳ ಸೇನೆ. ಹುಟ್ಟಿನ ಮೇಲುಕೀಳು ರಣರಂಗದಲ್ಲಿಯೇ ಮಣ್ಣುಗೂಡಿತು.

ಮೂರನೆಯದು ಮಗು. ಪ್ರತಿಯೊಂದು ಊರಿಗೂ ಶಾಲೆ, ಗಂಡು ಹೆಣ್ಣೆನ್ನದೆ ಎಲ್ಲರಿಗೂ ಓದು ಎಂದು 1872ರ ಆಜ್ಞೆ ಸಾರಿತು. ಇದಕ್ಕಿಂತ ಒಳ್ಳೆಯ ಮಾತುಂಟೇ? ಆದರೆ ಶಾಲೆಯ ಖರ್ಚನ್ನು ಊರವರೇ ಹೊರಬೇಕಾಗಿತ್ತು. ಹೊಲದಲ್ಲಿ ಕೈಗೆ ಬಂದ ಮಗುವನ್ನು ಕಳಿಸಿ, ಮೇಲೆ ಶುಲ್ಕವನ್ನೂ ತೆರಬೇಕೇ ಎಂದು ಸಿಟ್ಟಿಗೆದ್ದ ರೈತರು ಕೆಲವೆಡೆ ಶಾಲೆಗಳಿಗೆ ಬೆಂಕಿಯಿಟ್ಟರು. 1873ರಲ್ಲಿ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಮಾತ್ರ ಶಾಲೆಗೆ ಸೇರಿದ್ದರು. ಆದರೂ ಸರ್ಕಾರ ಕೈಬಿಡಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜಪಾನಿನ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಶಾಲೆಯ ಪಟ್ಟಿಯಲ್ಲಿದ್ದರು. ಅಜ್ಜನಿಗೆ ಕುನಿಯೆಂದರೆ ಸೀಮೆ. ಮೊಮ್ಮಗನಿಗೆ ಕುನಿಯೆಂದರೆ ಜಪಾನು. ಭೂಪಟ, ಪಠ್ಯಪುಸ್ತಕ, ಒಂದೇ ರೂಪದ ಭಾಷೆ, ಇವು ಮೂರು ಸೇರಿ ಈ ಮಾರ್ಪಾಡನ್ನು ಮಾಡಿದವು.

ಹುಳುವಿನ ಮನೆ, ಹುಡುಗಿಯ ಬೆರಳು

ರೈತನ ಕಂದಾಯದಿಂದ ದೇಶದೊಳಗಿನ ಖರ್ಚು ಸಾಗಬಹುದು. ಆದರೆ ಪರದೇಶದ ಯಂತ್ರ, ಉಕ್ಕು, ಯುದ್ಧನೌಕೆಗಳಿಗೆ ಪರದೇಶದ ನಾಣ್ಯವೇ ಬೇಕು. ಅದನ್ನು ತಂದುಕೊಡಬಲ್ಲ ಸರಕು ಜಪಾನಿನಲ್ಲಿ ಮುಖ್ಯವಾಗಿ ಒಂದೇ ಇತ್ತು: ರೇಷ್ಮೆ. ದೈವವೂ ಕೂಡಿಬಂದಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪೆಬ್ರಿನ್ ಎಂಬ ರೋಗ ತಗುಲಿ ಫ್ರಾನ್ಸ್, ಇಟಲಿಗಳ ರೇಷ್ಮೆ ಹುಳುಗಳು ಸತ್ತು ನೆಲಕಚ್ಚಿದ್ದವು. ಲೂಯಿ ಪಾಶ್ಚರ್ ಮಹಾಶಯನು 1865ರಿಂದ ಕೆಲವು ವರ್ಷ ಈ ರೋಗದ ಪರೀಕ್ಷೆಯಲ್ಲಿಯೇ ತೊಡಗಿದ್ದನು. ಯೂರೋಪಿನ ವರ್ತಕರು ಹುಳುವಿನ ಮೊಟ್ಟೆಗೂ ನೂಲಿಗೂ ಯೊಕೊಹಾಮಕ್ಕೆ ಮುಗಿಬಿದ್ದರು.

ಆದರೆ ಕೈರಾಟೆಯಲ್ಲಿ ಬಿಚ್ಚಿದ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬೆಲೆ ಬರಬೇಕಾದರೆ ಎಳೆ ಸಮನಾಗಿರಬೇಕು. ಅದನ್ನು ಕಲಿಸುವುದಕ್ಕಾಗಿಯೇ ತೊಮಿಯೋಕ ಕಾರ್ಖಾನೆ ಹುಟ್ಟಿತು. ಅಲ್ಲಿ ಕೆಲಸ ದಿನಕ್ಕೆ ಸುಮಾರು ಎಂಟು ಗಂಟೆ, ಭಾನುವಾರ ರಜ, ಕಾಹಿಲೆಯಾದರೆ ವೈದ್ಯನುಂಟು. ಕಲಿತ ಹುಡುಗಿಯರು ತಮ್ಮ ಊರುಗಳಿಗೆ ಮರಳಿ ಇತರರಿಗೆ ಕಲಿಸಿದರು. ಅವರಲ್ಲೊಬ್ಬಳಾದ ವಾದ ಎಯಿ ಎಂಬ ಸಾಮುರಾಯ್ ಮನೆಯ ಮಗಳು ಮುಂದೆ ಬರೆದಿಟ್ಟ ನೆನಪುಗಳಿಂದ ಆ ದಿನಗಳ ಉತ್ಸಾಹ ನಮಗೆ ತಿಳಿಯುತ್ತದೆ. ತಾವು ದೇಶಕ್ಕಾಗಿ ಕಲಿಯುತ್ತಿದ್ದೇವೆಂಬ ಹೆಮ್ಮೆ ಆ ಹುಡುಗಿಯರಲ್ಲಿ ನಿಜವಾಗಿಯೂ ಇತ್ತು. ಅದನ್ನು ಸುಳ್ಳೆನ್ನಲಾಗದು.

ಆದರೆ ಮಾದರಿಯ ಕಾರ್ಖಾನೆ ಬೇರೆ, ಲಾಭದ ಕಾರ್ಖಾನೆ ಬೇರೆ. 1880ರ ತರುವಾಯ ಸರ್ಕಾರ ತನ್ನ ಕಾರ್ಖಾನೆಗಳನ್ನು ಒಂದೊಂದಾಗಿ ಖಾಸಗಿಯವರಿಗೆ ಮಾರಿತು. ತೊಮಿಯೋಕ 1893ರಲ್ಲಿ ಮಿತ್ಸುಯಿ ಮನೆತನದ ಕೈಸೇರಿತು. ನಾಗಾನೊ ಸೀಮೆಯ ಸುವ ಸರೋವರದ ದಡದಲ್ಲಿ, ಒಕಾಯ ಎಂಬಲ್ಲಿ, ನೂಲಿನ ಕಾರ್ಖಾನೆಗಳ ಚಿಮಣಿಗಳು ಕಾಡಿನಂತೆ ಎದ್ದವು. ನೆರೆಯ ಹಿದ ಬೆಟ್ಟಸೀಮೆಯ ಬಡವರ ಹೆಣ್ಣುಮಕ್ಕಳು ಹನ್ನೆರಡು, ಹದಿಮೂರರ ಪ್ರಾಯದಲ್ಲಿಯೇ ಹಿಮ ಬಿದ್ದ ನೊಮುಗಿ ಕಣಿವೆಯನ್ನು ಕಾಲುನಡಿಗೆಯಲ್ಲಿ ದಾಟಿ ಅಲ್ಲಿಗೆ ದುಡಿಯಲು ಬರುತ್ತಿದ್ದರು. ತಂದೆಯ ಕೈಗೆ ಮುಂಗಡ ಹಣ. ಮಗಳ ಮೇಲೆ ಅದರ ಋಣ. ದಿನಕ್ಕೆ ಹದಿಮೂರು, ಹದಿನಾಲ್ಕು ಗಂಟೆ ಕುದಿಯುವ ನೀರಿನ ಆವಿಯ ಮುಂದೆ ಕುಳಿತು ನೂಲು ಬಿಚ್ಚಬೇಕು. ಕೂಲಿಗೆ ವಿಚಿತ್ರವಾದ ಕ್ರಮ. ಎಲ್ಲರ ನೂಲನ್ನೂ ತೂಗಿ, ಪರೀಕ್ಷಿಸಿ, ಸರಾಸರಿಗಿಂತ ಮೇಲಿದ್ದವಳಿಗೆ ಹೆಚ್ಚು, ಕೆಳಗಿದ್ದವಳಿಗೆ ಕಡಮೆ. ಎಲ್ಲರೂ ಚೆನ್ನಾಗಿ ದುಡಿದರೂ ಒಟ್ಟು ಕೂಲಿ ಏರದು; ಗೆಳತಿಯ ಗಳಿಕೆಯೇ ತನ್ನ ನಷ್ಟ! ಕಿಕ್ಕಿರಿದ ವಸತಿಗೃಹಗಳಲ್ಲಿ ಕ್ಷಯರೋಗ ಹಬ್ಬಿತು. ಕೆಮ್ಮು ಹತ್ತಿದವಳನ್ನು ಊರಿಗೆ ಕಳಿಸುತ್ತಿದ್ದರು. ರೋಗವೂ ಅವಳೊಡನೆ ಊರು ಸೇರುತ್ತಿತ್ತು. 1913ರಲ್ಲಿ ಇಶಿಹಾರ ಒಸಾಮು ಎಂಬ ವೈದ್ಯನು ಇದನ್ನು ಅಂಕಿಅಂಶಗಳ ಸಹಿತ ಲೋಕದ ಮುಂದಿಟ್ಟನು.

ಈ ಹುಡುಗಿಯರು ಸುಮ್ಮನೆ ಸಹಿಸಿದರೆಂದು ತಿಳಿಯಬಾರದು. 1886ರಲ್ಲಿ ಕೋಫು ಪಟ್ಟಣದ ಮಾಲಿಕರು ಒಟ್ಟುಗೂಡಿ ಕೆಲಸದ ಹೊತ್ತನ್ನು ಹೆಚ್ಚಿಸಿ ಕೂಲಿಯನ್ನು ಇಳಿಸಿದಾಗ, ಅಮಮಿಯ ಕಾರ್ಖಾನೆಯ ನೂರರಷ್ಟು ಹೆಂಗಸರು ಕೆಲಸ ನಿಲ್ಲಿಸಿ ಹೊರನಡೆದರು. ಕೆಲವು ರಿಯಾಯಿತಿಗಳನ್ನು ಗಿಟ್ಟಿಸಿಯೇ ಮರಳಿದರು. ಜಪಾನಿನ ಕಾರ್ಖಾನೆಗಳ ಚರಿತ್ರೆಯಲ್ಲಿ ದಾಖಲಾದ ಮೊದಲ ಮುಷ್ಕರ ಇದೇ ಎನ್ನುತ್ತಾರೆ. 1909ರ ಸುಮಾರಿಗೆ ಜಪಾನು ಚೀನವನ್ನು ಹಿಂದೆ ಹಾಕಿ ಲೋಕದಲ್ಲಿಯೇ ಅತಿ ಹೆಚ್ಚು ಕಚ್ಚಾ ರೇಷ್ಮೆಯನ್ನು ರಫ್ತು ಮಾಡುವ ದೇಶವಾಯಿತು. ಅದೇ ದೇಶ ಕಾರ್ಖಾನೆಯ ಮಕ್ಕಳನ್ನೂ ಹೆಂಗಸರನ್ನೂ ರಕ್ಷಿಸುವ ಶಾಸನ ಮಾಡಿದುದು 1911ರಲ್ಲಿ. ಜಾರಿಗೆ ತಂದುದು 1916ರಲ್ಲಿ.

ಕಡಿವಾಣವಿಲ್ಲದ ಕುದುರೆ

ಕೊಟ್ಟವರು ಯಾರೆಂಬುದನ್ನು ಕಂಡೆವು. ಅವರಿಗೆ ಲೆಕ್ಕ ಕೇಳುವ ಅಧಿಕಾರ ಇತ್ತೇ?

1874ರಿಂದಲೇ ಇತಗಾಕಿ ತೈಸುಕೆ ಮೊದಲಾದವರು ಜನಪ್ರತಿನಿಧಿ ಸಭೆ ಬೇಕೆಂದು ಚಳವಳಿ ಹೂಡಿದ್ದರು. 1881ರ ತರುವಾಯ ಹಣಕಾಸಿನ ಮಂತ್ರಿ ಮತ್ಸುಕಾತ ನೋಟುಗಳ ಹಾವಳಿಯನ್ನು ತಗ್ಗಿಸಲು ಬಿಗಿಯಾದ ಕ್ರಮ ಕೈಗೊಂಡಾಗ ಅಕ್ಕಿ, ರೇಷ್ಮೆಗಳ ಧಾರಣೆ ಕುಸಿಯಿತು. ಕಂದಾಯ ಮಾತ್ರ ಹಾಗೆಯೇ ಉಳಿಯಿತು. 1884ರಲ್ಲಿ ಚಿಚಿಬು ಎಂಬ ಬೆಟ್ಟಸೀಮೆಯ ಸಾವಿರಾರು ರೇಷ್ಮೆ ಸಾಕುವ ರೈತರು ಬಂಡಾಯವೆದ್ದರು. ಸಾಲಕ್ಕೆ ವಾಯಿದೆ ಕೊಡಿ, ತೆರಿಗೆ ಇಳಿಸಿ, ಖರ್ಚು ಉಳಿಯುವಂತೆ ಮೂರು ವರ್ಷ ಶಾಲೆ ಮುಚ್ಚಿ ಎಂಬುವು ಅವರ ಬೇಡಿಕೆಗಳು. ಸೇನೆ ಬಂತು, ಕೆಲವೇ ದಿನಗಳಲ್ಲಿ ಎಲ್ಲ ಅಡಗಿತು, ಮುಂದಾಳುಗಳಿಗೆ ಮರಣದಂಡನೆಯಾಯಿತು.

1889ರಲ್ಲಿ ಸಂವಿಧಾನ ಬಂತೆಂಬುದು ನಿಜ. ಆದರೆ ಅದು ಚಕ್ರವರ್ತಿ ಕರುಣಿಸಿದ ಕೊಡುಗೆ. ಹದಿನೈದು ಯೆನ್ ಇಲ್ಲವೆ ಅದಕ್ಕೂ ಮಿಕ್ಕಿ ನೇರ ತೆರಿಗೆ ಕೊಡುವ, ಇಪ್ಪತ್ತೈದು ತುಂಬಿದ ಗಂಡಸಿಗೆ ಮಾತ್ರ ಮತ. ನೂರು ಜನರಲ್ಲಿ ಮತದಾರ ಒಬ್ಬನೇ. ಸೇನೆ ಚಕ್ರವರ್ತಿಗಲ್ಲದೆ ಮಂತ್ರಿಮಂಡಲಕ್ಕೆ ಉತ್ತರ ಹೇಳಬೇಕಾಗಿರಲಿಲ್ಲ. 1890ರ ಶಾಸನವೊಂದು ಹೆಂಗಸರು ರಾಜಕೀಯ ಸಭೆಗೆ ಹೋಗುವುದನ್ನೇ ನಿಷೇಧಿಸಿತು. ಈ ನಿಷೇಧ 1922ರವರೆಗೂ ಉಳಿಯಿತು. ಯಾವ ಹುಡುಗಿಯ ಬೆರಳುಗಳು ಯುದ್ಧನೌಕೆಯ ಬೆಲೆಯನ್ನು ಗಳಿಸಿಕೊಟ್ಟವೋ ಅವಳು ಆ ನೌಕೆ ಎಲ್ಲಿಗೆ ಹೊರಡುತ್ತದೆಂದು ಚರ್ಚಿಸುವ ಸಭೆಯ ಮೂಲೆಯಲ್ಲಿ ಕೂಡ ಕೂರುವಂತಿರಲಿಲ್ಲ.

ನೌಕೆ ಹೊರಟಿತು. 1894–95ರಲ್ಲಿ ಚೀನದ ಮೇಲೆ ಗೆಲುವು. ಅಲ್ಲಿಂದ ಬಂದ ಪರಿಹಾರದ ಹಣದ ಬಲದಿಂದ 1897ರಲ್ಲಿ ಚಿನ್ನದ ನಾಣ್ಯಪದ್ಧತಿ, 1901ರಲ್ಲಿ ಯವಾಟದ ಉಕ್ಕಿನ ಕಾರ್ಖಾನೆ. ಯುದ್ಧವೂ ಒಂದು ಆದಾಯವೆಂಬ ಕೆಟ್ಟ ಪಾಠ ಆಗ ಮನಸ್ಸಿಗೆ ಹತ್ತಿತು. 1904–05ರಲ್ಲಿ ರಷ್ಯದ ಮೇಲೂ ಗೆದ್ದಾಗ ಏಷ್ಯವೆಲ್ಲ ರೋಮಾಂಚಗೊಂಡಿತು; ನಮ್ಮ ದೇಶದಲ್ಲಿಯೂ ಹಲವರು ಹಿಗ್ಗಿದರು. ಆದರೆ ಈ ಸಲ ಪರಿಹಾರದ ಹಣ ದೊರೆಯದೆಂದು ತಿಳಿದೊಡನೆ ಟೋಕಿಯೋದ ಜನ ಬೀದಿಗಿಳಿದು ಪೊಲೀಸು ಠಾಣೆಗಳನ್ನು ಸುಟ್ಟರು. ಶಾಲೆಯಲ್ಲಿ ಬಿತ್ತಿದ ದೇಶಾಭಿಮಾನ ಈಗ ಬಿತ್ತಿದವರ ಹತೋಟಿಯನ್ನೂ ಮೀರತೊಡಗಿತ್ತು. 1910ರಲ್ಲಿ ಕೊರಿಯ ಜಪಾನಿನ ವಶವಾಯಿತು. ಕರಿಯ ಹಡಗಿನ ಅವಮಾನ ಉಂಡವರು ನೆರೆಮನೆಗೆ ತಾವೇ ಕರಿಯ ಹಡಗಾದರು.

1916ರಲ್ಲಿ ಜಪಾನಿಗೆ ಹೋದ ರವೀಂದ್ರನಾಥ ಠಾಕೂರರು ಈ ದಾರಿಯ ಅಪಾಯವನ್ನು ಟೋಕಿಯೋದಲ್ಲಿಯೇ ನಿಂತು ಎತ್ತಿ ಹೇಳಿದರು. ಆರಂಭದಲ್ಲಿ ಹಾರ ಹಾಕಿದ ಪತ್ರಿಕೆಗಳು, ಇದು ಸೋತ ದೇಶದ ಕವಿಯ ಮಾತೆಂದು ಉದಾಸೀನ ತೋರಿದವು.

1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಜಪಾನಿನ ರೇಷ್ಮೆಯನ್ನು ಕೊಳ್ಳುತ್ತಿದ್ದುದು ಮುಖ್ಯವಾಗಿ ಅಮೆರಿಕ. ಆಗ ಜಪಾನಿನ ಹತ್ತು ರೈತ ಕುಟುಂಬಗಳಲ್ಲಿ ಸುಮಾರು ನಾಲ್ಕು ಹುಳು ಸಾಕುತ್ತಿದ್ದವು. ಎರಡೇ ವರ್ಷಗಳಲ್ಲಿ ಗೂಡಿನ ಬೆಲೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಸಿದ ಹಳ್ಳಿಗೆ ಸೇನೆಯ ಯುವಕ ಅಧಿಕಾರಿಗಳು ತೋರಿಸಿದ ದಾರಿ ಮಂಚೂರಿಯ. 1931ರಲ್ಲಿ ಅದನ್ನು ಆಕ್ರಮಿಸಿದರು. ಅಲ್ಲಿಗೆ ವಲಸೆ ಹೋದ ಜಪಾನೀ ರೈತರಲ್ಲಿ ಎಲ್ಲಕ್ಕಿಂತ ಹೆಚ್ಚು ಮಂದಿ ನಾಗಾನೊ ಸೀಮೆಯವರು, ಅಂದರೆ ಅದೇ ರೇಷ್ಮೆಯ ಸೀಮೆಯವರು. 1937ರಲ್ಲಿ ಚೀನದೊಡನೆ ಪೂರ್ಣ ಯುದ್ಧ, 1941ರಲ್ಲಿ ಅಮೆರಿಕ, ಬ್ರಿಟನ್ನುಗಳೊಡನೆ ಯುದ್ಧ. 1945ರ ಆಗಸ್ಟಿನಲ್ಲಿ ಹಿರೋಷಿಮ, ನಾಗಸಾಕಿ. ಅಲ್ಲಿಗೆ ಆ ಪರ್ವ ಮುಗಿಯಿತು.

ಲೆಕ್ಕ ಕೇಳುವ ಹಕ್ಕು ಬಂದುದು ಈ ಬೂದಿಯ ಮೇಲೆ. 1946ರ ಏಪ್ರಿಲಿನಲ್ಲಿ ಜಪಾನಿನ ಹೆಂಗಸರು ಮೊದಲ ಸಲ ಮತ ಹಾಕಿದರು. 39 ಮಂದಿ ಹೆಂಗಸರು ಆರಿಸಿಯೂ ಬಂದರು. ಕಾರ್ಮಿಕರಿಗೆ ಸಂಘದ ಹಕ್ಕು, ಗೇಣಿದಾರನಿಗೆ ಭೂಮಿ, ಜನತೆಯೇ ಒಡೆಯನೆಂದ 1947ರ ಹೊಸ ಸಂವಿಧಾನ, ಇವೆಲ್ಲ ಒಂದರ ಹಿಂದೊಂದು ಬಂದವು. ಅವು ಸೋಲಿನ ತರುವಾಯ, ಗೆದ್ದವರ ಸೇನೆಯ ಮೇಲ್ವಿಚಾರಣೆಯಲ್ಲಿ ಬರಬೇಕಾಯಿತೆಂಬುದೇ ಚರಿತ್ರೆಯ ಕಟಕಿ. ಆಗಲೂ ಶಾಲೆ, ಬ್ಯಾಂಕು, ಕಾರ್ಖಾನೆ, ಕುಶಲ ಕೈಗಳು ಮೇಜಿ ಕಾಲದಿಂದ ಬಂದವೇ. ಅವೇ ಸಾಧನಗಳು, ಈಗ ಜನರಿಗೆ ಉತ್ತರ ಹೇಳುವ ಸರ್ಕಾರದ ಕೈಯಲ್ಲಿ, ಆ ದೇಶವನ್ನು ಒಂದು ತಲೆಮಾರಿನೊಳಗೆ ಮತ್ತೆ ಎತ್ತಿ ನಿಲ್ಲಿಸಿದವು. ಈ ಸಲ ನೆರೆಯವರ ಮೇಲೆ ಸೇನೆ ಕಳಿಸದೆ.

ನಮ್ಮ ನಾಡಿಗೆ ಬಂದ ಎಳೆ

ಜಪಾನಿನ ಈ ಪ್ರಯೋಗವನ್ನು ನಮ್ಮವರೂ ಕಣ್ಣಿಟ್ಟು ನೋಡಿದ್ದರು. ಜಮ್ಷೇಟ್‌ಜಿ ಟಾಟಾ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಪಾನೀ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆಯ ತೋಟವೊಂದನ್ನು ಸ್ಥಾಪಿಸಿದರು. ಇಂದಿಗೂ ಬಸವನಗುಡಿಯ ಬಳಿಯ ಆ ಬಡಾವಣೆಗೆ ಟಾಟಾ ಸಿಲ್ಕ್ ಫಾರ್ಮ್ ಎಂದೇ ಹೆಸರು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ಕಂಡು ಬಂದರು. ಅವರ ಹುರುಪಿಗೆ ಆ ದೇಶ ಜೀವನಪರ್ಯಂತ ನಿದರ್ಶನವಾಗಿ ಉಳಿಯಿತು. 1912ರಲ್ಲಿ ದಿವಾನರಾದ ಮೇಲೆ ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ, ಪ್ರಾಥಮಿಕ ಶಿಕ್ಷಣದ ಶಾಸನ, ಕೈಗಾರಿಕೆಗಳು ಒಂದರ ಬೆನ್ನಿಗೊಂದು ಬಂದುದು ನಮಗೆಲ್ಲ ತಿಳಿದ ವಿಷಯ.

ಆದರೆ ಮೈಸೂರಿನಲ್ಲಿ ಇನ್ನೊಂದು ಸಂಗತಿಯೂ ಇತ್ತು. ಅದಕ್ಕೆ ನಾವು ಅಷ್ಟಾಗಿ ಹೆಮ್ಮೆಪಡುವುದಿಲ್ಲ. 1881ರಲ್ಲಿ, ಅಂದರೆ ಜಪಾನಿನ ಸಂವಿಧಾನಕ್ಕೆ ಎಂಟು ವರ್ಷ ಮೊದಲೇ, ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದು, ಸಂಸ್ಥಾನದ ಆಡಳಿತದ ವರದಿಯನ್ನು ಅದರ ಮುಂದೆ ಓದಿದರು. ಬಂದವರು ಜಮೀನ್ದಾರರೂ ವರ್ತಕರೂ. ಅವರಿಗೆ ತೀರ್ಮಾನಿಸುವ ಅಧಿಕಾರವೂ ಇರಲಿಲ್ಲ. ಆದರೂ ಕಂದಾಯ ಕೊಟ್ಟವರ ಎದುರಿಗೆ ನಿಂತು ವಿವರ ಹೇಳುವುದು ಸರ್ಕಾರದ ಕರ್ತವ್ಯವೆಂಬ ಅಭ್ಯಾಸ ಅಂದು ಮೊಳೆಯಿತು. ಅಣೆಕಟ್ಟೆಗಿಂತಲೂ ಕಾರ್ಖಾನೆಗಿಂತಲೂ ಇದು ಕಡಮೆಯ ಆಸ್ತಿಯಲ್ಲ.

ಕಾಲಚಕ್ರ ಉರುಳಿತು. 1940ರಲ್ಲಿ ಅಮೆರಿಕದ ಅಂಗಡಿಗಳಿಗೆ ನೈಲಾನಿನ ಕಾಲುಚೀಲ ಬಂದು ಜಪಾನಿನ ರೇಷ್ಮೆಯ ಪೇಟೆಯನ್ನು ಕಸಿಯಿತು. ತೊಮಿಯೋಕ ಕಾರ್ಖಾನೆ 1987ರಲ್ಲಿ ನಿಂತಿತು. 2014ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಹುಳು ಸಾಕುವ ಮನೆಗಳು ಆ ದೇಶದಲ್ಲಿ ಇಂದು ತೀರ ವಿರಳ. ಅವರ ವಿದ್ಯೆ ಮಾತ್ರ ನಮ್ಮ ಬಳಿಗೆ ಬಂತು. 1991ರಿಂದ ಜಪಾನೀ ವಿಜ್ಞಾನಿಗಳು ಮೈಸೂರಿನ ಸಂಶೋಧನಾಲಯದಲ್ಲಿ ನಮ್ಮ ವಿಜ್ಞಾನಿಗಳೊಡನೆ ಸೇರಿ ನಮ್ಮ ಸೆಖೆಗೆ ತಾಳುವ, ಬಿಳಿಗೂಡು ಕಟ್ಟುವ ತಳಿಗಳಿಗಾಗಿ ದುಡಿದರು. ಇನ್ನೊಂದು ವಿಶೇಷ. ಜಪಾನಿನ ಟೊಯೋಟಾ ಮೋಟಾರು ಸಂಸ್ಥೆ ಮೂಲತಃ ಮಗ್ಗ ಮಾಡುವ ಕಾರ್ಖಾನೆಯೊಂದರ ಕೂಸು. ಅದರ ಕಾರುಗಳು ಬಿಡದಿಯಲ್ಲಿ ಸಿದ್ಧವಾಗುತ್ತವೆ. ಅದೇ ರಸ್ತೆಯಲ್ಲಿ ಮೈಸೂರಿನ ಕಡೆಗೆ ಸ್ವಲ್ಪ ದೂರ ಸಾಗಿದರೆ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ. ಹಿಪ್ಪುನೇರಳೆಯ ಸೊಪ್ಪು ಹೊತ್ತು, ಹುಳು ಜ್ವರಕ್ಕೆ ಕೂತಾಗ ತಾವೂ ನಿದ್ರೆಗೆಟ್ಟು ಗೂಡು ಬೆಳೆಸಿದ ಮನೆಗಳು ಅಲ್ಲಿ ಹರಾಜಿಗಾಗಿ ಕಾದು ನಿಲ್ಲುತ್ತವೆ.

2024ರ ಜುಲೈಯಲ್ಲಿ ಜಪಾನು ಹೊಸ ನೋಟುಗಳನ್ನು ಹೊರಡಿಸಿತು. ಹತ್ತು ಸಾವಿರ ಯೆನ್ ನೋಟಿನ ಮೇಲೆ ಶಿಬುಸಾವ ಎಯಿಚಿಯ ಮುಖ. ತೊಮಿಯೋಕ ಕಾರ್ಖಾನೆಯ ಸ್ಥಾಪನೆಯಲ್ಲಿ ಕೈಯಿದ್ದ ಅಧಿಕಾರಿ ಆತ. ಐದು ಸಾವಿರದ ನೋಟಿನ ಮೇಲೆ, ಆರನೆಯ ವಯಸ್ಸಿನಲ್ಲಿ ಕಡಲು ದಾಟಿ, ಮುಂದೆ 1900ರಲ್ಲಿ ಹೆಣ್ಣುಮಕ್ಕಳ ವಿದ್ಯಾಲಯ ಸ್ಥಾಪಿಸಿದ ತ್ಸುದ ಉಮೆಕೊ. ಇಬ್ಬರೂ ಆ ಗೌರವಕ್ಕೆ ತಕ್ಕವರೇ. ಆದರೆ ನೊಮುಗಿ ಕಣಿವೆಯ ಹಿಮದಲ್ಲಿ ನಡೆದ ಹುಡುಗಿಗೆ ಯಾವ ನೋಟಿನ ಮೇಲೂ ಮುಖವಿಲ್ಲ.

ಮುಂದಿನ ಮದುವೆಗೆ ಬೀರುವಿನಿಂದ ರೇಷ್ಮೆಯ ಸೀರೆಯನ್ನು ಹೊರತೆಗೆಯುವಾಗ ಅದರ ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಎಳೆಗೆ ಎಳೆ ಕೂಡಿದರೆ ಒಂದು ರಾಷ್ಟ್ರವನ್ನೇ ಎತ್ತಬಲ್ಲದು. ಎತ್ತಿದವರನ್ನು ಕೇಳದೆ ರಾಷ್ಟ್ರ ಎತ್ತ ಸಾಗಿದರೂ, ಬೀಳುವಾಗ ಅದು ಮೊದಲು ಬೀಳುವುದು ಅವರ ಮೇಲೆಯೇ.